ಸುಖ: ಪಂಚಗಂಗೆಯ ದಂಡೆಯ ನೇಕಾರ ಸೀಮೆಯ ನೆಲೆಯಿಂದ

ಸುಖವೆಂದರೆ ಗಳಿಗೆಯ ಹಿತವೂ ಹೌದು, ಬದುಕನ್ನು ಒಟ್ಟಾಗಿ ತೂಗಿ ನೋಡಿದಾಗ ಮನಸ್ಸಿಗೆ ಬರುವ ತೃಪ್ತಿಯೂ ಹೌದು. ಇವೆರಡೂ ಬಹುಮಟ್ಟಿಗೆ ಜೊತೆಯಲ್ಲೇ ಇರುತ್ತವೆ, ಆದರೆ ಒಂದನ್ನು ಕಂಡು ಇನ್ನೊಂದೂ ಇದೆಯೆಂದು ಹೇಳುವಂತಿಲ್ಲ. ಜ್ವರ ಬಂದ ಮಗುವಿನ ಪಕ್ಕದಲ್ಲಿ ರಾತ್ರಿಯಿಡೀ ಕೂತ ತಾಯಿಗೆ ಆ ರಾತ್ರಿ ಹಿತವಾಗಿರುವುದಿಲ್ಲ. ಆದರೂ ತನ್ನ ಬದುಕು ಬರಿದಾಯಿತೆಂದು ಅವಳಿಗೆ ಅನ್ನಿಸುವುದಿಲ್ಲ. ಗ್ರೀಸಿನ ಅರಿಸ್ಟಾಟಲ್ ಸುಖವನ್ನು ಒಂದು ಭಾವವೆಂದು ಬಗೆಯದೆ, ಮನುಷ್ಯನ ಉತ್ತಮ ಶಕ್ತಿಗಳು ಆಯುಷ್ಯದುದ್ದಕ್ಕೂ ಚಟುವಟಿಕೆಯಲ್ಲಿರುವ ಸ್ಥಿತಿಯೆಂದು ಬಗೆದ. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್, 1873ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ, ಸುಖವನ್ನೇ ನೇರವಾಗಿ ಗುರಿಯಾಗಿಟ್ಟುಕೊಂಡವರಿಗೆ ಅದು ಸಿಗದೆಂದೂ ಬೇರೊಂದು ಉದ್ದೇಶದಲ್ಲಿ ಮಗ್ನರಾದವರಿಗೆ ದಾರಿಯಲ್ಲಿ ಸಿಗುತ್ತದೆಂದೂ ವಾದಿಸಿದ. ಈ ಲೇಖನದ ನಿಲುವು ಮಿಲ್‌ನ ನಿಲುವಿಗೆ ಹತ್ತಿರದ್ದು, ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ತಾನು ಮಾಡುವ ಕೆಲಸ ಯಾರಿಗಾದರೂ ಬೇಕಾಗಿದೆ ಎಂಬ ಅರಿವು, ತಾನಿಲ್ಲದಿದ್ದರೆ ಕೇಳಿಕೊಂಡು ಬರುವ ಜನ, ತನ್ನ ಹೊತ್ತಿನ ಮೇಲೆ ತನಗೆ ಒಂದಿಷ್ಟು ಹಿಡಿತ, ಈ ಮೂರೂ ಕೂಡಿದಲ್ಲಿ ಸುಖ ನೆಲೆಗೊಳ್ಳುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಉಳಿದವು ಸೊರಗುತ್ತವೆ.

ಇದನ್ನು ಪರೀಕ್ಷಿಸಲು ಕೊಲ್ಹಾಪುರ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಅಂಚು ತಕ್ಕ ಜಾಗ. ಪಂಚಗಂಗೆಯ ದಂಡೆಯ ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರ್ ಮೊದಲ ವಿದ್ಯುತ್ ಮಗ್ಗ ಹೂಡಿದರು. ಜಹಗೀರದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆ ಅದಕ್ಕೆ ಬೆಂಬಲವಾಗಿ ನಿಂತರು. ಇಂದು ಊರಿನಲ್ಲೂ ಅದಕ್ಕೆ ಅಂಟಿಕೊಂಡ ಕೊರೋಚಿ, ಕಬನೂರು, ಚಂದೂರುಗಳಲ್ಲೂ ಸೇರಿ ಒಂದು ಲಕ್ಷಕ್ಕೂ ಮಿಕ್ಕಿ ಮಗ್ಗಗಳಿವೆ. 2011ರ ಜನಗಣತಿಯಲ್ಲಿ 2.87 ಲಕ್ಷ ಜನಸಂಖ್ಯೆಯಿದ್ದ ಇಚಲಕರಂಜಿ 2022ರಲ್ಲಿ ಮಹಾನಗರಪಾಲಿಕೆಯಾಯಿತು. ದೇವಾಂಗ, ಹಟಗಾರ, ಲಿಂಗಾಯತ, ಜೈನ ಮನೆಗಳಲ್ಲಿ ಅನೇಕ ಕಡೆ ಒಲೆಯ ಮುಂದೆ ಕನ್ನಡ, ಪೇಟೆಯಲ್ಲಿ ಮರಾಠಿ. ದಕ್ಷಿಣಕ್ಕೆ, ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜ್ ಕಬ್ಬು ಮತ್ತು ಮೆಣಸಿನಕಾಯಿಯ ಒಕ್ಕಲುತನದ ಸೀಮೆ. ಅದರ ವ್ಯವಹಾರ ಸಂಕೇಶ್ವರದೊಡನೆ ಹೆಣೆದುಕೊಂಡಿದೆ. ಒಂದು ಕಡೆ ಹಗಲಿರುಳು ತಿರುಗುವ ಯಂತ್ರ, ಇನ್ನೊಂದು ಕಡೆ ಮಳೆ ಮತ್ತು ಹಂಗಾಮು. ದುಡಿಮೆಯ ಇಷ್ಟು ಭಿನ್ನವಾದ ಎರಡು ಲಯಗಳು ಒಂದೇ ನುಡಿಯ, ಒಂದೇ ಬಗೆಯ ಜಾತ್ರೆ ಪೂಜೆಗಳ ಜನರ ನಡುವೆ ಇರುವುದರಿಂದ, ಸುಖದ ಬಗ್ಗೆ ಪುಸ್ತಕಗಳು ಹೇಳುವ ಮಾತುಗಳನ್ನು ಇಲ್ಲಿ ಒರೆಗೆ ಹಚ್ಚಬಹುದು.

ಸುಖದ ವಿಚಾರ ಈ ಸೀಮೆಗೆ ಹೊರಗಿನಿಂದ ಬಂದ ಸರಕಲ್ಲ. ಸದಲಗಾದಲ್ಲಿ 1906ರಲ್ಲಿ ಹುಟ್ಟಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದ ಎ. ಎನ್. ಉಪಾಧ್ಯೆ ಅವರು ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನು 1935ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಇಂದ್ರಿಯಗಳಿಂದ ಬರುವ ಸುಖ ಪರಾಧೀನ, ನಡುನಡುವೆ ಕಡಿಯುವಂಥದ್ದು, ಸ್ಥಿರವಲ್ಲದ್ದು, ಆದ್ದರಿಂದ ಅದು ದುಃಖದ್ದೇ ಇನ್ನೊಂದು ರೂಪ ಎಂಬುದು ಆ ಗ್ರಂಥದ ವಾದ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು 1926ರ ತಮ್ಮ ಉಪನಿಷತ್ ಸಮೀಕ್ಷೆಯಲ್ಲಿ ತೈತ್ತಿರೀಯದ ಆನಂದ ಮೀಮಾಂಸೆಯನ್ನು ವಿವೇಚಿಸಿದರು. ತರುಣ, ಸಜ್ಜನ, ವಿದ್ಯಾವಂತ, ದೃಢಕಾಯ, ಸಂಪತ್ತು ತುಂಬಿದ ಭೂಮಿಯ ಒಡೆಯ: ಇಂಥವನ ಸುಖವನ್ನು ಒಂದು ಅಳತೆಯೆಂದು ಇಟ್ಟುಕೊಂಡು ಆ ಉಪನಿಷತ್ತು ಮೆಟ್ಟಿಲಿಂದ ಮೆಟ್ಟಿಲಿಗೆ ನೂರು ಪಟ್ಟು ಏರಿಸುತ್ತ ಹೋಗುತ್ತದೆ, ಗಂಧರ್ವರ ಮೆಟ್ಟಿಲಿನಿಂದ ಮೇಲಕ್ಕೆ ಪ್ರತಿಯೊಂದರಲ್ಲೂ ಆ ಸುಖ ಆಸೆಯಿಂದ ಬಾಧಿತನಾಗದ, ವೇದ ಬಲ್ಲ ಶ್ರೋತ್ರಿಯನಿಗೂ ಉಂಟೆಂದು ಸೇರಿಸುತ್ತದೆ. ಕುತೂಹಲದ ಸಂಗತಿಯೆಂದರೆ, ಈ ಪಠ್ಯ ಆರೋಗ್ಯವನ್ನೂ ಸಂಪತ್ತನ್ನೂ ತಳ್ಳಿಹಾಕುವುದಿಲ್ಲ. ಅಳತೆ ಶುರುವಾಗುವುದೇ ಅವುಗಳಿಂದ. ಹಸಿವು, ರೋಗ, ಸಾಲಗಳ ನಡುವೆ ಇರುವವನಿಗೆ ಸುಖದ ಉಪದೇಶ ಮಾಡುವವರು ಇದನ್ನು ಮರೆಯುತ್ತಾರೆ.

ಕನ್ನಡದ ಶರಣ ಪರಂಪರೆ ಈ ಪ್ರಶ್ನೆಯನ್ನು ಗುಹೆಯಿಂದ ಅಂಗಳಕ್ಕೆ ತಂದಿತು. ದೇವರ ದಾಸಿಮಯ್ಯ ಮುದನೂರಿನ ನೇಕಾರ. ಹನ್ನೆರಡನೆಯ ಶತಮಾನದ ನುಲಿಯ ಚಂದಯ್ಯ ಹಗ್ಗ ಹೊಸೆಯುವವನು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಜಾರಿದರೂ ಚಂದಯ್ಯ ಕೆಲಸ ಬಿಡಲಿಲ್ಲ, ಹಿಂಬಾಲಿಸಿ ಬಂದ ಲಿಂಗಕ್ಕೇ ಕಾಯಕ ಹಚ್ಚಿದ ಎಂಬ ಕಥೆ ಪ್ರಸಿದ್ಧ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ತಿರುಗಿ ಸುರಿದು ಬರಲು ಹೇಳಿದಳು. ಈ ಕಥೆಗಳಲ್ಲಿ ಸುಖದ ಬಗ್ಗೆ ಒಂದು ಖಚಿತವಾದ ತಿಳಿವಳಿಕೆಯಿದೆ: ದುಡಿಮೆ ಬೇರೆಲ್ಲೋ ಇರುವ ಸುಖಕ್ಕೆ ತೆರುವ ಬೆಲೆಯಲ್ಲ, ಸುಖ ಇರುವುದೇ ಅದರೊಳಗೆ, ಆದರೆ ದುಡಿಮೆಗೊಂದು ಮಿತಿಯಿರಬೇಕು, ಅದರ ಫಲ ದಾಸೋಹದಲ್ಲಿ ಹಂಚಿಹೋಗಬೇಕು. ಇದು ಬರೀ ನೀತಿಬೋಧೆಯೆಂದು ಬದಿಗಿಡುವವರಿದ್ದಾರೆ. ಬದಿಗಿಡುವ ಮುನ್ನ, ದುಡಿಮೆ ನಿಂತಾಗ ಏನಾಗುತ್ತದೆ ಎಂಬುದನ್ನು ನೋಡಬೇಕು. ಯಾವುದರ ಮೇಲೆ ಸುಖ ನಿಂತಿದೆ ಎಂಬುದು ಅದನ್ನು ಕಿತ್ತುಕೊಂಡಾಗ ಚೆನ್ನಾಗಿ ಗೊತ್ತಾಗುತ್ತದೆ.

ಆ ನೋಟಕ್ಕೆ ಜಗತ್ತಿನಲ್ಲಿ ಸಿಗುವ ಅತಿ ಒಳ್ಳೆಯ ದಾಖಲೆ ಇನ್ನೊಂದು ಬಟ್ಟೆಯ ಊರಿನದೇ. ಆಸ್ಟ್ರಿಯಾದ ವಿಯೆನ್ನಾ ಸಮೀಪದ ಮರಿಯೆಂಥಾಲ್ ಎಂಬ ಹಳ್ಳಿ ಒಂದೇ ಜವಳಿ ಗಿರಣಿಯನ್ನು ನಂಬಿತ್ತು. 1929-30ರಲ್ಲಿ ಗಿರಣಿ ಮುಚ್ಚಿತು. ಮರಿ ಯಾಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಸೈಜೆಲ್ ಅಲ್ಲಿನ 478 ಕುಟುಂಬಗಳ ದಿನಚರಿ, ಊಟ, ಓದು, ನಡಿಗೆಯನ್ನೆಲ್ಲ ದಾಖಲಿಸಿ 1933ರಲ್ಲಿ ಪ್ರಕಟಿಸಿದರು. ಗಂಡಸರಿಗೆ ಈಗ ದಿನವಿಡೀ ಬಿಡುವು. ಆದರೆ ಊರ ಗ್ರಂಥಾಲಯದಿಂದ ಹೋಗುವ ಪುಸ್ತಕಗಳು ಹೆಚ್ಚಾಗಲಿಲ್ಲ, ಸುಮಾರು ಅರ್ಧಕ್ಕೆ ಇಳಿದವು. ಬೀದಿಯಲ್ಲಿ ಅವರ ನಡಿಗೆ ನಿಧಾನವಾಯಿತು, ದಾಟುವಾಗ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ಏನು ಮಾಡಿದಿರಿ ಎಂದರೆ ಹೇಳಲು ಅವರಲ್ಲಿ ಹೆಚ್ಚೇನೂ ಇರಲಿಲ್ಲ. ಮನೆಗೆಲಸವಿದ್ದ ಹೆಂಗಸರ ಹೊತ್ತು ಮಾತ್ರ ಆಕಾರ ಕಳೆದುಕೊಳ್ಳಲಿಲ್ಲ. ಯಾಹೋಡಾ ಮುಂದೆ ಇದರಿಂದ ಒಂದು ಸಿದ್ಧಾಂತ ಕಟ್ಟಿದರು: ಉದ್ಯೋಗ ಕೂಲಿಯನ್ನಷ್ಟೇ ಕೊಡುವುದಿಲ್ಲ, ದಿನಕ್ಕೆ ಒಂದು ಚೌಕಟ್ಟು, ಮನೆಯಾಚೆಯ ಒಡನಾಟ, ಹತ್ತು ಜನರ ಜೊತೆಗಿನ ಉದ್ದೇಶ, ಒಂದು ಸ್ಥಾನ, ನಿಯತವಾದ ಚಟುವಟಿಕೆ, ಇವನ್ನೆಲ್ಲ ಯಾರ ಗಮನಕ್ಕೂ ಬಾರದಂತೆ ಕೊಡುತ್ತದೆ.

ಕೊಲ್ಹಾಪುರ ಸೀಮೆಗೂ ಇಂಥ ಅನುಭವ ಹತ್ತಿರದ್ದು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳ್ತನದಲ್ಲಿ ಮುಂಬಯಿಯ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅವರಲ್ಲಿ ಎಷ್ಟೋ ಮಂದಿ ಕೊಲ್ಹಾಪುರ, ಸಾತಾರಾ, ಕೊಂಕಣದ ಹಳ್ಳಿಗಳವರು. ಮುಷ್ಕರ ಮುಗಿಯದೆ ಹೋದಾಗ ಊರಿಗೆ ಮರಳಿದರು, ಅನೇಕರಿಗೆ ಮತ್ತೆ ಗಿರಣಿಯ ಬಾಗಿಲು ತೆರೆಯಲೇ ಇಲ್ಲ. ಬಟ್ಟೆಯ ಕೆಲಸ ಭಿವಂಡಿ, ಇಚಲಕರಂಜಿಗಳ ವಿದ್ಯುತ್ ಮಗ್ಗಗಳತ್ತ ಸರಿಯಿತು. ಒಂದು ಊರಿನವರು ಕಳೆದುಕೊಂಡ ಕೆಲಸ ಇನ್ನೊಂದು ಊರಿನ ಏಳಿಗೆಯಾಯಿತು. ಕೆಲಸ ಹೋದ ನೋವು ಕಾಲದೊಡನೆ ಮಾಯುತ್ತದೆಯೇ ಎಂಬುದಕ್ಕೆ ಜರ್ಮನಿಯಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಮೀಕ್ಷೆಯೊಂದು ಉತ್ತರ ಕೊಡುತ್ತದೆ. 2004ರಲ್ಲಿ ರಿಚರ್ಡ್ ಲೂಕಸ್ ಮತ್ತು ಸಂಗಡಿಗರು ಅದನ್ನು ವಿಶ್ಲೇಷಿಸಿದಾಗ, ನಿರುದ್ಯೋಗಕ್ಕೆ ಸಿಕ್ಕವರ ತೃಪ್ತಿ, ಅವರಿಗೆ ಮತ್ತೆ ಕೆಲಸ ಸಿಕ್ಕ ಮೇಲೂ, ಸರಾಸರಿಯಲ್ಲಿ ಮೊದಲಿನ ಮಟ್ಟಕ್ಕೆ ಪೂರ್ತಿ ಮರಳಿರಲಿಲ್ಲ. ಮನುಷ್ಯ ಎಲ್ಲದಕ್ಕೂ ಒಗ್ಗಿಕೊಳ್ಳುತ್ತಾನೆ ಎಂಬ ಮಾತು ಬೇರೆ ಬಹಳ ವಿಷಯಗಳಲ್ಲಿ ನಿಜ, ಇಲ್ಲಿ ಅಲ್ಲ.

ಹಾಗಾದರೆ ಇದೆಲ್ಲ ಹಣದ ಪ್ರಶ್ನೆ ತಾನೇ, ಕೂಲಿ ನಿಂತದ್ದೇ ದುಃಖಕ್ಕೆ ಕಾರಣವಲ್ಲವೇ ಎಂಬುದು ಮೊದಲ ಆಕ್ಷೇಪ. ಅದರಲ್ಲಿ ಸತ್ಯಾಂಶ ದೊಡ್ಡದಿದೆ. ಬಡ ದೇಶಗಳಿಗಿಂತ ಶ್ರೀಮಂತ ದೇಶಗಳ ಜನ ತಮ್ಮ ಬದುಕಿಗೆ ಹೆಚ್ಚಿನ ಅಂಕ ಕೊಡುತ್ತಾರೆ. 2012ರಿಂದ ಪ್ರಕಟವಾಗುತ್ತಿರುವ ವಿಶ್ವ ಸಂತೋಷ ವರದಿಗಳೆಲ್ಲ ಇದನ್ನು ತೋರಿಸುತ್ತವೆ. ರಿಚರ್ಡ್ ಈಸ್ಟರ್ಲಿನ್ 1974ರಲ್ಲಿ ಮಂಡಿಸಿದ ವಾದ, ಒಂದು ದೇಶದ ವರಮಾನ ವರ್ಷದಿಂದ ವರ್ಷಕ್ಕೆ ಏರಿದರೂ ಜನರ ಸುಖ ಅದೇ ಪ್ರಮಾಣದಲ್ಲಿ ಏರುವುದಿಲ್ಲ ಎಂಬುದು, ಇಂದಿಗೂ ಚರ್ಚೆಯಲ್ಲಿದೆ. ಲಾಟರಿ ಗೆದ್ದವರು ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಸುಖಿಗಳಲ್ಲ ಎಂಬ 1978ರ ಅಮೆರಿಕದ ಅಧ್ಯಯನವನ್ನು ಎಲ್ಲರೂ ಉದ್ಧರಿಸುತ್ತಾರೆ. ಆದರೆ ಅದರಲ್ಲಿ ಇದ್ದ ವಿಜೇತರು 22 ಮಂದಿ ಮಾತ್ರ. 2020ರಲ್ಲಿ ಪ್ರಕಟವಾದ ಸ್ವೀಡನ್ನಿನ ದೊಡ್ಡ ಅಧ್ಯಯನದಲ್ಲಿ ಭಾರಿ ಬಹುಮಾನ ಗೆದ್ದವರ ಜೀವನತೃಪ್ತಿ ಹತ್ತು ವರ್ಷ ದಾಟಿದರೂ ಹೆಚ್ಚಾಗಿಯೇ ಇತ್ತು. ಹಣದಿಂದ ಸುಖವಿಲ್ಲ ಎನ್ನುವ ಉಡಾಫೆಯ ಮಾತನ್ನು ಹಾಗಾಗಿ ಬಿಡಬೇಕು. ಸಾಲ ಕೊಟ್ಟವನು ಬಾಗಿಲಿಗೆ ಬಾರದಿರುವುದು, ಆಸ್ಪತ್ರೆಯ ಖರ್ಚಿಗೆ ಒಡವೆ ಒತ್ತೆಯಿಡಬೇಕಾಗದಿರುವುದು, ಇವು ಸುಖದ ನೆಲಗಟ್ಟು. ಆದರೆ ಹಣವಷ್ಟೇ ಕಾರಣವಾಗಿದ್ದರೆ, ಆದಾಯದ ವ್ಯತ್ಯಾಸವನ್ನು ಲೆಕ್ಕದಿಂದ ತೆಗೆದ ಮೇಲೆ ನಿರುದ್ಯೋಗದ ದುಃಖ ಉಳಿಯಬಾರದಿತ್ತು. ಬ್ರಿಟನ್ನಿನ ಅಂಕಿಅಂಶಗಳಿಂದ ಆಂಡ್ರ್ಯೂ ಕ್ಲಾರ್ಕ್ ಮತ್ತು ಆಂಡ್ರ್ಯೂ ಆಸ್ವಾಲ್ಡ್ 1994ರಲ್ಲೇ ತೋರಿಸಿದಂತೆ ಅದು ಉಳಿಯುತ್ತದೆ, ದೊಡ್ಡದಾಗಿಯೇ ಉಳಿಯುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ಕೇಳುವ ಹಕ್ಕು ಇಚಲಕರಂಜಿಗೆ ಎಲ್ಲರಿಗಿಂತ ಹೆಚ್ಚು. ಮಾತು ಕೇಳಿಸದಷ್ಟು ಗದ್ದಲ, ಗಾಳಿಯಲ್ಲಿ ಹತ್ತಿಯ ಧೂಳು, ಹನ್ನೆರಡು ತಾಸಿನ ಪಾಳಿ, ನೇಯ್ದ ಅಡ್ಡ ಎಳೆಗಳ, ಅಂದರೆ ಪಿಕ್‌ಗಳ, ಲೆಕ್ಕದ ಮಜೂರಿ. ಏಕಕಾಲಕ್ಕೆ ನಾಲ್ಕೋ ಆರೋ ಮಗ್ಗಗಳ ನಡುವೆ ಓಡಾಡುತ್ತ ಕಡಿದ ಎಳೆ ಕಟ್ಟುವವನಿಗೆ ಕಾಯಕದ ಆನಂದದ ಬಗ್ಗೆ ಹೇಳುವುದು ನ್ಯಾಯವೇ? ಹಾಗೆ ಹೇಳುವುದು ನ್ಯಾಯವಲ್ಲ. ಆದರೆ ಅನ್ಯಾಯ ಎಲ್ಲಿದೆ ಎಂಬುದನ್ನು ಗುರುತಿಸಿದರೆ ವಾದ ಬಿದ್ದುಹೋಗದೆ ಬಲವಾಗುತ್ತದೆ. ಕೈಮಗ್ಗದ ನೇಕಾರನೂ ಬಡವನೇ ಆಗಿದ್ದ, ಅವನ ದುಡಿಮೆಯೂ ದೀರ್ಘವೇ. ಆದರೆ ಲಾಳಿಯ ಓಟ ಅವನ ಕೈಯ ವೇಗಕ್ಕೆ ಸೇರಿತ್ತು. ಹಾಸು ಹೂಡುವಾಗ, ಕಂಡಿಕೆ ಸುತ್ತುವಾಗ ಮನೆಮಂದಿಯೆಲ್ಲ ಒಂದೇ ಬಟ್ಟೆಯ ಸುತ್ತ ಇದ್ದರು. ಯಂತ್ರದ ಶೆಡ್ಡಿನಲ್ಲಿ ವೇಗ ಮೋಟರಿನದು. ಶೆಡ್ಡಿನ ಮಾಲೀಕನೂ ಎಷ್ಟೋ ಸಲ ಸ್ವತಂತ್ರನಲ್ಲ. ಊರವರು ‘ಖರ್ಚೀವಾಲೆ’ ಎಂದು ಕರೆಯುವ ಸಣ್ಣ ಮಗ್ಗದಾರರು ವ್ಯಾಪಾರಿಯ ನೂಲು ತಂದು, ವ್ಯಾಪಾರಿ ಗೊತ್ತುಮಾಡಿದ ದರಕ್ಕೆ ನೇಯ್ದು ಕೊಡುತ್ತಾರೆ, ನೂಲಿನ ಬೆಲೆಯಾಗಲಿ ಬಟ್ಟೆಯ ಬೆಲೆಯಾಗಲಿ ಅವರ ಕೈಯಲ್ಲಿಲ್ಲ. ಲಂಡನ್ನಿನ ಸರ್ಕಾರಿ ನೌಕರರನ್ನು 1967ರಿಂದ ದಶಕಗಳ ಕಾಲ ಗಮನಿಸಿದ ವೈಟ್‌ಹಾಲ್ ಅಧ್ಯಯನಗಳು, ಕೆಲಸದ ಮೇಲೆ ತಮ್ಮ ಹಿಡಿತ ಕಡಿಮೆಯಿದ್ದವರಲ್ಲಿ ಹೃದ್ರೋಗವೂ ಹೆಚ್ಚೆಂದು ಕಂಡವು. ಅವರ್ಯಾರೂ ಹಸಿದವರಲ್ಲ. ಸುಖವನ್ನು ಕೆಡಿಸುವುದು ದುಡಿಮೆಯ ಭಾರವೊಂದೇ ಅಲ್ಲ, ತನ್ನ ಹೊತ್ತು ತನ್ನದಲ್ಲದಿರುವುದು. ಪಾಳಿಯ ತಾಸು, ಶೆಡ್ಡಿನ ಗಾಳಿ, ದರ ಗೊತ್ತುಪಡಿಸುವಾಗ ನೇಯುವವರಿಗೂ ಒಂದು ಮಾತು: ಇವು ಕಾರ್ಮಿಕ ಕಾಯಿದೆಯ ವಿಷಯಗಳೆಂದು ಸುಖದ ಚರ್ಚೆಯಿಂದ ಹೊರಗಿಡುವುದು ದೊಡ್ಡ ತಪ್ಪು.

ಹೊತ್ತಿನ ಹಿಡಿತ ಜನರಿಗೆ ಮರಳಿ ಸಿಗುವ ದಿನಗಳೂ ಈ ಸೀಮೆಯಲ್ಲಿವೆ. ಮಾರ್ಗಶಿರದ ಹುಣ್ಣಿಮೆಗೆ ಕೊಲ್ಹಾಪುರ ಕಡೆಯಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ಮಾಘದಲ್ಲಿ ಚಿಂಚಲಿಯ ಮಾಯಕ್ಕನಿಗೆ, ಚೈತ್ರದಲ್ಲಿ ಜೋತಿಬಾ ಡೊಂಗರಕ್ಕೆ, ಆಷಾಢದಲ್ಲಿ ಪಂಢರಪುರಕ್ಕೆ ಜನ ಹೊರಡುತ್ತಾರೆ. ಖರ್ಚು, ದಣಿವು, ನೂಕುನುಗ್ಗಲು, ಬಯಲಿನಲ್ಲಿ ನಿದ್ದೆ. ಗಳಿಗೆಯ ಹಿತವನ್ನಷ್ಟೇ ಲೆಕ್ಕ ಹಾಕುವವರಿಗೆ ಇದು ಅರ್ಥವಾಗದ ಸಾಹಸ. ಪ್ರಯಾಗದ ಮಾಘಮೇಳದ ಮೇಲೆ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಮೇಳಕ್ಕೆ ಹೋಗಿಬಂದವರನ್ನು ಹೋಗದೆ ಊರಲ್ಲೇ ಉಳಿದವರೊಡನೆ ಹೋಲಿಸಿದಾಗ, ಚಳಿ, ಗದ್ದಲ, ಅನಾನುಕೂಲಗಳ ನಡುವೆ ಕಳೆದುಬಂದವರ ಕ್ಷೇಮವೇ ಹೆಚ್ಚಿತ್ತು. ಸಾವಿರಾರು ಜನರ ನಡುವೆ ತಾನೂ ಅವರಲ್ಲೊಬ್ಬ ಎಂಬ ಭಾವ ಅದಕ್ಕೆ ಕಾರಣವೆಂಬ ವಿವರಣೆ ನಂಬತಕ್ಕದ್ದು. ದಾಸೋಹಕ್ಕೂ ಇಂಥದೇ ಆಧಾರವಿದೆ. 2008ರಲ್ಲಿ ಎಲಿಜಬೆತ್ ಡನ್ ಮತ್ತು ಸಂಗಡಿಗರು ಕೆಲವರಿಗೆ 5 ಅಥವಾ 20 ಡಾಲರ್ ಕೊಟ್ಟು, ಅರ್ಧ ಮಂದಿಗೆ ತಮಗಾಗಿಯೂ ಉಳಿದರ್ಧಕ್ಕೆ ಇತರರಿಗಾಗಿಯೂ ಸಂಜೆಯೊಳಗೆ ಖರ್ಚು ಮಾಡಲು ಹೇಳಿದರು. ಸಂಜೆಗೆ ಹೆಚ್ಚು ಖುಷಿಯಲ್ಲಿದ್ದವರು ಇತರರಿಗೆ ಖರ್ಚು ಮಾಡಿದವರು. ಮೊತ್ತ ಐದೋ ಇಪ್ಪತ್ತೋ ಎಂಬುದರಿಂದ ಫಲ ಬದಲಾಗಲಿಲ್ಲ. ಜಾತ್ರೆಯ ಅನ್ನಸಂತರ್ಪಣೆಯಲ್ಲಿ ಸೌದೆ ಹೊತ್ತು ತಂದವನ ಮುಖದಲ್ಲಿ ಕಾಣುವ ಗೆಲುವಿಗೆ ಹೀಗೆ ಪ್ರಯೋಗದ ಬೆಂಬಲವೂ ಸಿಕ್ಕಿದೆ.

ಬಡವರ ತೃಪ್ತಿಯನ್ನು ನಂಬಬಹುದೇ ಎಂಬುದು ಅಮರ್ತ್ಯ ಸೇನ್ ಎತ್ತಿದ ಪ್ರಶ್ನೆ. ಸಿಗದ್ದನ್ನು ಬಯಸುವುದನ್ನೇ ಬಿಟ್ಟವರು ತಮ್ಮ ಪಾಲಿಗೆ ಒಗ್ಗಿಕೊಂಡು ಸುಖಿಗಳೆಂದು ಹೇಳಿಕೊಂಡಾರು. ಆ ಮಾತನ್ನು ಹಿಡಿದು ಅವರ ಕೊರತೆಗಳನ್ನು ಮರೆತರೆ ಅದು ಅನ್ಯಾಯಕ್ಕೆ ರಕ್ಷಣೆಯಾಗುತ್ತದೆ. ಕಾಯಕದ ಮಾತನ್ನು ಜಾತಿಗೊಂದು ಕಸುಬಿನ ಕಟ್ಟಳೆಯಾಗಿ ತಿರುಚಿದವರು ಇರುವ ನಾಡಿನಲ್ಲಿ ಈ ಎಚ್ಚರಿಕೆ ಬಹಳ ಅಗತ್ಯ. 2001ರಲ್ಲಿ ಪ್ರಕಟವಾದ ಕಲ್ಕತ್ತೆಯ ಅಧ್ಯಯನದಲ್ಲಿ ರಾಬರ್ಟ್ ಬಿಸ್ವಾಸ್-ಡೀನರ್ ಮತ್ತು ಎಡ್ ಡೀನರ್ ಕೊಳೆಗೇರಿ ಮತ್ತು ಫುಟ್‌ಪಾತ್‌ಗಳಲ್ಲಿ ಬಾಳುವವರನ್ನು ಮಾತಾಡಿಸಿದಾಗ, ಒಟ್ಟು ಬದುಕಿನ ತೃಪ್ತಿ ಕಡಿಮೆಯಿದ್ದರೂ ಕುಟುಂಬ, ಸ್ನೇಹಗಳ ತೃಪ್ತಿ ನಿರೀಕ್ಷೆಗಿಂತ ಹೆಚ್ಚಿತ್ತು. ಅವರು ತಮ್ಮ ಕೊರತೆಗೆ ಕುರುಡರಾಗಿರಲಿಲ್ಲ. ಇರುವ ಸಂಬಂಧದ ಬೆಲೆಯೂ ಅವರಿಗೆ ಗೊತ್ತಿತ್ತು. ಸೇನ್ ಅವರ ಪ್ರಶ್ನೆಗೆ ಕೊಲ್ಹಾಪುರದ ಇತಿಹಾಸ ಇನ್ನೂ ಸ್ಪಷ್ಟ ಉತ್ತರ ಕೊಡುತ್ತದೆ. ಶಾಹೂ ಮಹಾರಾಜರು 1902ರ ಜುಲೈ 26ರಂದು ಹಿಂದುಳಿದವರಿಗೆ ನೌಕರಿಯಲ್ಲಿ 50 ಪ್ರತಿಶತ ಮೀಸಲಿಟ್ಟರು, 1901ರಿಂದ ಜಾತಿಜಾತಿಯ ಮಕ್ಕಳಿಗೆ ಬೋರ್ಡಿಂಗುಗಳು ತೆರೆದವು, ಲಿಂಗಾಯತರಿಗೂ ಜೈನರಿಗೂ ಬೋರ್ಡಿಂಗುಗಳಾದವು. ಹಾತಕಣಂಗಲೆ ತಾಲೂಕಿನ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, ದುಡಿಯುತ್ತ ಕಲಿಯುವ ಪದ್ಧತಿ ತಂದರು. ತಮ್ಮ ಕಸುಬಿನಲ್ಲಿ ನೆಮ್ಮದಿ ಕಂಡ ಅಪ್ಪ ಅಮ್ಮಂದಿರೇ ಮಕ್ಕಳನ್ನು ಆ ಬೋರ್ಡಿಂಗುಗಳಿಗೆ ಕಳಿಸಿದರು. ನೆಮ್ಮದಿ ಬದಲಾವಣೆಯ ಬಾಗಿಲು ಮುಚ್ಚಲಿಲ್ಲ. ನಿಜವಾದ ತೃಪ್ತಿಯನ್ನು ಸೋಲೊಪ್ಪಿದ ಮೌನದಿಂದ ಬೇರೆಯಾಗಿ ಗುರುತಿಸುವ ಗೆರೆ ಇದೇ: ತೃಪ್ತನಾದವನು ಮಕ್ಕಳಿಗೆ ಬೇರೆ ದಾರಿ ತೆರೆದರೆ ಹೆದರುವುದಿಲ್ಲ.

ಸುಖ ಹುಟ್ಟುಗುಣ ಎನ್ನುವವರೂ ಇದ್ದಾರೆ. ಡೇವಿಡ್ ಲಿಕನ್ ಮತ್ತು ಔಕೆ ಟೆಲ್ಲೆಗೆನ್ 1996ರಲ್ಲಿ ಅವಳಿಗಳ ಅಧ್ಯಯನದಿಂದ ಸುಖದ ವ್ಯತ್ಯಾಸದಲ್ಲಿ ಅನುವಂಶೀಯತೆಗೆ ದೊಡ್ಡ ಪಾಲಿದೆಯೆಂದು ತೋರಿಸಿದರು. ಪಾಲು ಇದೆ, ಆದರೆ ಒಂದೇ ಬಗೆಯ ಸಮಾಜದೊಳಗಿನ ವ್ಯಕ್ತಿಗಳ ನಡುವಿನ ವ್ಯತ್ಯಾಸವಷ್ಟೇ ಅದರಿಂದ ತಿಳಿಯುತ್ತದೆ. ಮರಿಯೆಂಥಾಲಿನ ಇಡೀ ಊರು ಒಮ್ಮೆಲೇ ಕುಗ್ಗಿದ್ದನ್ನು ಅದು ವಿವರಿಸಲಾರದು. ಇದಕ್ಕಿಂತ ಆಳವಾದದ್ದು ಸಾಧಕರ ಆಕ್ಷೇಪ: ಪೂರ್ಣಾನಂದಕ್ಕೆ ಕೆಲಸವೂ ಬೇಡ, ಜನರೂ ಬೇಡ. ಈ ಸೀಮೆಯ ಇಂಚಗೇರಿ ಸಂಪ್ರದಾಯವನ್ನೇ ನೋಡಬಹುದು. ಜತ್ ತಾಲೂಕಿನ ಉಮದಿಯ ಭಾವೂಸಾಹೇಬ ಮಹಾರಾಜರು ಅದಕ್ಕೆ ಮಠ ಕಟ್ಟಿದರು. ಶಿಷ್ಯ ಸಿದ್ಧರಾಮೇಶ್ವರ ಮಹಾರಾಜರು (1888-1936) ಅದನ್ನು ಹಬ್ಬಿಸಿದರು. ಕೊಲ್ಹಾಪುರ ಬಳಿಯ ಕಣೇರಿಯ ಕಾಡಸಿದ್ಧೇಶ್ವರ ಸ್ವಾಮಿಗಳೂ ಮುಂಬಯಿಯ ನಿಸರ್ಗದತ್ತ ಮಹಾರಾಜರೂ ಅವರಿಂದ ಉಪದೇಶ ಪಡೆದವರು. ನಿಸರ್ಗದತ್ತರು ಬೀಡಿ ಅಂಗಡಿ ನಡೆಸಿದರು. ಭಾವೂಸಾಹೇಬರ ಶಿಷ್ಯರೇ ಆದ ರಾನಡೆಯವರು ಬಹುಕಾಲ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿದರು. ಸಂಸಾರ, ವ್ಯವಹಾರ ಬಿಡದೆ ಸಾಧನೆ ಮಾಡುವುದೇ ಈ ಪರಂಪರೆಯ ರೂಢಿ. ಅವರ ಆನಂದಕ್ಕೆ ಕೆಲಸ ಕಾರಣವಾಗಿರಲಿಕ್ಕಿಲ್ಲ. ಆದರೂ ಆನಂದ ಅವರನ್ನು ಕೆಲಸದಿಂದ, ಜನರಿಂದ ಹೊರಗೆಳೆಯಲಿಲ್ಲ. ಉಪವಾಸದಿಂದ ದೇಹ ಬಿಡುವ ಸಲ್ಲೇಖನದತ್ತ ನಡೆಯುವ ದಿಗಂಬರ ಜೈನ ಮುನಿಯ ದಾರಿ ಮಾತ್ರ ಬೇರೆ, ಅದನ್ನು ಇಲ್ಲಿನ ಅಳತೆಗೆ ತರುವುದು ಸಲ್ಲದು.

ಸುಖವನ್ನು ಸರ್ಕಾರಗಳು ಅಳೆಯತೊಡಗಿ ಬಹಳ ಕಾಲವಾಗಿಲ್ಲ. ಭೂತಾನದ 2008ರ ಸಂವಿಧಾನದಲ್ಲಿ ಒಟ್ಟು ರಾಷ್ಟ್ರೀಯ ಸಂತೋಷಕ್ಕೆ ಸ್ಥಾನ ಸಿಕ್ಕಿತು. ಮಧ್ಯಪ್ರದೇಶ 2016ರಲ್ಲಿ ಆನಂದ ಇಲಾಖೆ ತೆರೆಯಿತು. ವಿಶ್ವ ಸಂತೋಷ ವರದಿಯಲ್ಲಿ ಭಾರತ 2024ರಲ್ಲಿ 143 ದೇಶಗಳ ಪೈಕಿ 126ನೆಯದು. ಬದುಕನ್ನು ಸೊನ್ನೆಯಿಂದ ಹತ್ತರ ಏಣಿಯ ಮೇಲೆ ಎಲ್ಲಿಡುತ್ತೀರಿ ಎಂಬ ಒಂದೇ ಪ್ರಶ್ನೆಯಿಂದ ಬರುವ ಈ ಅಂಕೆ ದೇಶವೊಂದಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಸರಿಸುಮಾರು ಸಾವಿರ ಜನರ ಉತ್ತರವನ್ನು ಆಧರಿಸುತ್ತದೆ; ಒಂದು ತಾಲೂಕಿನ ಬದುಕು ಅದರಲ್ಲಿ ಕಾಣುವುದಿಲ್ಲ. ಇಚಲಕರಂಜಿಯಲ್ಲಿ ಈಗ ಲಾಳಿಯ ಹಳೆಯ ಮಗ್ಗಗಳ ಜಾಗಕ್ಕೆ ರೇಪಿಯರ್, ಏರ್‌ಜೆಟ್ ಯಂತ್ರಗಳು ಬರುತ್ತಿವೆ. ಬಟ್ಟೆಯ ಗುಣಮಟ್ಟ ಏರುತ್ತದೆ, ಮೀಟರುಗಳೂ ಏರುತ್ತವೆ. ಅಷ್ಟೇ ಬಟ್ಟೆಗೆ ಬೇಕಾಗುವ ಕೈಗಳು ಇಳಿಯುತ್ತವೆ. ಹೊಸ ಯಂತ್ರಕ್ಕೆ ಸಹಾಯಧನ ಕೊಡುವ ಯೋಜನೆಗಳು ಉತ್ಪಾದನೆಯನ್ನೂ ಬಂಡವಾಳವನ್ನೂ ಲೆಕ್ಕ ಹಿಡಿಯುತ್ತವೆ. ಕೊರೋಚಿಯ ಓಣಿಯಲ್ಲಿ ನಾಲ್ಕು ಮಗ್ಗ ಮಾರಿದ ಖರ್ಚೀವಾಲೆಯೂ ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದ ಹೆಂಗಸೂ ಮುಂದೆ ಯಾವ ಕೆಲಸಕ್ಕೆ, ಯಾರ ಜೊತೆ, ಎಷ್ಟು ಹೊತ್ತಿಗೆ ಏಳುತ್ತಾರೆ ಎಂಬುದಕ್ಕೆ ಆ ಲೆಕ್ಕದಲ್ಲಿ ಒಂದು ಕಾಲಮು ಇಲ್ಲ. ಅದನ್ನು ಸೇರಿಸುವುದು ಕಷ್ಟವೂ ಅಲ್ಲ, ಮರಿಯೆಂಥಾಲಿನಲ್ಲಿ ಕೆಲವೇ ಸಂಶೋಧಕರು ಗಡಿಯಾರ ಮತ್ತು ನೋಟುಬುಕ್ಕು ಹಿಡಿದು ಆ ಕೆಲಸ ಮಾಡಿದ್ದರು.